ದುರ್ಬಲಗೊಂಡ ಚಂಡಮಾರುತವೇ ನಮ್ಮ ರಾಗಿಗೆ ಕುತ್ತು

‘ಚಂಡಮಾರುತ ದುರ್ಬಲಗೊಂಡಿದೆ’ ಎಂಬ ಸಾಲು ಟೀವಿಯಲ್ಲಿ ಹಾಯ್ದರೆ ಸಾಕು, ನಮ್ಮ ಕಡೆ ಕುಡುಗೋಲು ಹೊರಗೆ ಬರುತ್ತದೆ. ನಮ್ಮ ದೊಡ್ಡಗದ್ದವಳ್ಳಿಯ ಸುತ್ತಿನಲ್ಲಿ ಹೇಗೋ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ರಾಗಿ ಹೊಲಗಳಲ್ಲೂ ಹಾಗೆಯೇ. ಬಂಗಾಳ ಕೊಲ್ಲಿ ನಮಗೆ 400 ಕಿ.ಮೀ.ಗೂ ಆಚೆ, ಗಂಡಾಂತರ ಚೆನ್ನೈಗೆ ಬಂತು, ಅಲ್ಲೇ ತೀರಿತು ಎಂಬ ಲೆಕ್ಕ. ಈ ಲೆಕ್ಕ ತಲೆಕೆಳಗಾದದ್ದು ಎಂದು ರಾಗಿ ಬೆಳೆಯುವವನಾಗಿ ನಾನು ವಾದಿಸುತ್ತೇನೆ. ಕರಾವಳಿಯವರಿಗೆ ಅಪಾಯ ಮುಗಿಯುವ ಹೊತ್ತಿಗೆ ನಮ್ಮದು ಶುರುವಾಗುತ್ತದೆ. ಗಾಳಿ ಸತ್ತ ಮೇಲೆ ಉಳಿಯುವ ಮೋಡವೇ ನಮ್ಮ ಪಾಲಿಗೆ ಬರುವುದು, ಅದೂ ರಾಗಿ ಕೊಯ್ದು ಅರಿ ಹಾಕಿರುವ ನವೆಂಬರ್, ಡಿಸೆಂಬರ್ ವಾರಗಳಲ್ಲೇ.

2021ರ ನವೆಂಬರನ್ನು ನೋಡಿ. ಆ ತಿಂಗಳು ತಮಿಳುನಾಡಿನ ಕರಾವಳಿಗೆ ಹೆಸರಿಟ್ಟ ಒಂದೇ ಒಂದು ಚಂಡಮಾರುತವೂ ಅಪ್ಪಳಿಸಲಿಲ್ಲ. ಹವಾಮಾನ ಇಲಾಖೆ ಹೆಸರಿಡುವುದು ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದ ಮೇಲೆ, ಅಂದು ಬಂದವೆರಡೂ ಬರೀ ವಾಯುಭಾರ ಕುಸಿತಗಳು. ಒಂದು 11ನೇ ತಾರೀಖು ಚೆನ್ನೈ ಬಳಿ ದಡ ದಾಟಿತು, ಇನ್ನೊಂದು 19ರ ನಸುಕಿನಲ್ಲಿ ಪುದುಚೇರಿ ಮತ್ತು ಚೆನ್ನೈ ನಡುವೆ. ಸಾಲದ್ದಕ್ಕೆ ಅದೇ ಹೊತ್ತಿಗೆ ಅರಬ್ಬಿ ಸಮುದ್ರದಲ್ಲೂ ನಮ್ಮ ಕರಾವಳಿಗೆ ಎದುರಾಗಿ ಕಡಿಮೆ ಒತ್ತಡ. ಎರಡೂ ಕಡೆಯ ತೇವ ದಕ್ಷಿಣ ಒಳನಾಡಿನ ಮೇಲೆ ಬಂದು ಕೂತಿತು. ದಿನಗಟ್ಟಲೆ ಬಿಸಿಲು ಕಾಣಲಿಲ್ಲ. ಕೊಯ್ದ ತೆನೆ ಅರಿಯಲ್ಲೇ ಮೊಳೆಯಿತು, ನಿಂತ ಪೈರು ಮಲಗಿ ಮಣ್ಣು ಹಿಡಿಯಿತು, ಹುಲ್ಲು ಕಪ್ಪಾಗಿ ದನ ಮೂಸಲಿಲ್ಲ. ಒಕ್ಕಿದರೆ ಸಿಕ್ಕಿದ್ದು ಬಣ್ಣಗೆಟ್ಟ ಕಾಳು. ಆ ಸಾಲಿನ ಬೆಂಬಲ ಬೆಲೆ ಕ್ವಿಂಟಲಿಗೆ 3,377 ರೂಪಾಯಿ ಇತ್ತು ನಿಜ, ಆದರೆ ಖರೀದಿ ಕೇಂದ್ರದ ಗುಣಮಟ್ಟಕ್ಕೆ ಅಂಥ ಕಾಳು ಎಲ್ಲಿಂದ ನಿಲ್ಲಬೇಕು? ರಾಜ್ಯದಲ್ಲಿ ಲಕ್ಷಾಂತರ ಹೆಕ್ಟೇರ್ ಬೆಳೆ ಹೋಯಿತು. ಸುದ್ದಿಯಾದದ್ದು ಮಾತ್ರ ಯಲಹಂಕದ ಅಪಾರ್ಟ್‌ಮೆಂಟಿಗೆ ನುಗ್ಗಿದ ನೀರು ಮತ್ತು ಟೊಮೆಟೊ ಬೆಲೆ.

ಇದಕ್ಕೆ ಎದುರಾಗಿ ಹೆಸರು ಮಾಡಿದ ಚಂಡಮಾರುತಗಳನ್ನು ಇಟ್ಟು ನೋಡಬೇಕು. 2016ರ ಡಿಸೆಂಬರ್ 12ರಂದು ವಾರ್ದಾ ಚೆನ್ನೈಯಲ್ಲಿ ಸಾವಿರಾರು ಮರ ಉರುಳಿಸಿತು. ನಮಗೆ ಅದು ಹಿಂಗಾರು ಸೋತ ವರ್ಷ. 2023ರ ಮಿಚಾಂಗ್ ಚೆನ್ನೈಯನ್ನು ಮುಳುಗಿಸಿ, ಕರಾವಳಿ ಹಿಡಿದು ಉತ್ತರಕ್ಕೆ ಹೋಗಿ, ಡಿಸೆಂಬರ್ 5ರಂದು ಬಾಪಟ್ಲದ ಬಳಿ ದಡ ಸೇರಿತು. ಬರದ ಆ ವರ್ಷದಲ್ಲಿ ನಮ್ಮ ಕೆರೆಗಳಿಗೆ ಅದರಿಂದ ಪ್ರಯೋಜನವಾಗಲಿಲ್ಲ. 2024ರ ಫೆಂಗಲ್ ಗಾಳಿಯಲ್ಲಿ ಇವೆರಡಕ್ಕೂ ಸಮನಲ್ಲ. ನವೆಂಬರ್ 30ರಂದು ಪುದುಚೇರಿ ಬಳಿ ದಡ ಹತ್ತಿ, ಗಂಟೆಗಟ್ಟಲೆ ಅಲುಗಾಡದೆ ನಿಂತು, ಒಂದೇ ದಿನದಲ್ಲಿ ಆ ಊರಿಗೆ 40 ಸೆಂ.ಮೀ.ಗೂ ಮಿಕ್ಕಿ ಮಳೆ ಸುರಿಸಿತು. ಆಮೇಲೆ ‘ದುರ್ಬಲಗೊಂಡು’ ನೇರ ಪಶ್ಚಿಮಕ್ಕೆ ನಡೆದು, ನಮ್ಮ ತಲೆಯ ಮೇಲೆ ಹಾಯ್ದು ಅರಬ್ಬಿ ಸಮುದ್ರಕ್ಕೆ ಇಳಿಯಿತು. ಆ ನಡಿಗೆಯಲ್ಲೇ ರಾಗಿ ಅರಿಯೂ ಕಾಫಿ ಕಣವೂ ನೆನೆದವು. ಅಟ್ಲಾಂಟಿಕ್‌ನಲ್ಲೂ ನಡೆ ಹೀಗೇ. 1998ರ ಅಕ್ಟೋಬರ್ ಕೊನೆಯಲ್ಲಿ ಬಂದ ಮಿಚ್ ಚಂಡಮಾರುತ ಸಮುದ್ರದಲ್ಲಿದ್ದಾಗ ಅತ್ಯುಗ್ರ, ಹೊಂಡುರಾಸ್‌ನ ದಡ ಮುಟ್ಟುವಾಗ ಬಹಳ ಸೊರಗಿತ್ತು. ಹಾಗೆ ಸೊರಗಿ ತೆವಳುತ್ತ ಸುರಿಸಿದ ಮಳೆಯಲ್ಲೇ ಮಧ್ಯ ಅಮೆರಿಕದ ಗುಡ್ಡಗಳು ಕುಸಿದು ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಗಾಳಿಯ ವೇಗ ನೋಡಿ ಮಳೆಯನ್ನು ಅಳೆಯಲಾಗದು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕಾರಣವೇನೂ ಗುಟ್ಟಲ್ಲ. ಚಂಡಮಾರುತಕ್ಕೆ ಬಿಸಿ ನೀರೇ ಆಹಾರ. ನೆಲ ಹತ್ತಿದೊಡನೆ ಅದು ತಪ್ಪಿ, ಬಿಗಿಯಾಗಿ ಸುತ್ತುತ್ತಿದ್ದ ಗಾಳಿ ಸಡಿಲವಾಗುತ್ತದೆ. ಹೊತ್ತು ತಂದ ತೇವ ಮಾತ್ರ ಅಷ್ಟು ಬೇಗ ಖಾಲಿಯಾಗದು. ಅದು ಅಗಲವಾಗಿ ಹರಡಿ, ಕರಾವಳಿಯಿಂದ ನಮ್ಮ ಪ್ರಸ್ಥಭೂಮಿಗೆ ಏರುತ್ತ ತಣಿದು, ಮೂರು ನಾಲ್ಕು ದಿನದ ಜಡಿಮಳೆಯಾಗುತ್ತದೆ. ರಾಗಿಗೆ ಇದೇ ವಿಷ. ಒಂದು ಗಂಟೆ ಬಿರುಸಾಗಿ ಹುಯ್ದು ಮರುದಿನ ಬಿಸಿಲು ಬಿದ್ದರೆ ಅರಿ ಮಗುಚಿ ಒಣಗಿಸಬಹುದು. ತುಂತುರು ಹಿಡಿದು ಕೂತರೆ ತೆನೆಯೊಳಗಿನ ತೇವ ಆರುವುದೇ ಇಲ್ಲ, ಕಾಳಿಗೆ ಬಿತ್ತನೆಯಾದಂತೆ ಭಾಸವಾಗಿ ಮೊಳಕೆ ಒಡೆಯುತ್ತದೆ.

ಹಿರಿಯರು ಇದನ್ನು ಒಪ್ಪುವುದಿಲ್ಲ. ವಿಶಾಖೆ, ಅನುರಾಧೆ ಮಳೆ ನಿನ್ನೆ ಮೊನ್ನೆ ಹುಟ್ಟಿದ್ದೇ, ನಾವು ಇದರಲ್ಲೇ ಬೆಳೆದಿಲ್ಲವೇ ಎನ್ನುತ್ತಾರೆ. ಸರಿ, ಅಪಾಯದ ತಿಂಗಳು ಯಾವುದೆಂದು ನಕ್ಷತ್ರ ಹೇಳುತ್ತದೆ. ಈ ಗುರುವಾರ ಕುಯ್ಯಬೇಕೋ ಬೇಡವೋ ಎಂಬುದನ್ನು ಅದು ಹೇಳಲಾರದು. ಇನ್ನು ಕೆಲವರದ್ದು ಬೇರೆ ಆಕ್ಷೇಪ: ಕೊಲ್ಲಿಯ ಮಳೆಯನ್ನು ಶತ್ರುವೆಂದರೆ ಹೇಗೆ, ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯ ಪಕ್ಕದ ಕೆರೆಗೆ ಹಿಂಗಾರು ಬೇಡವೇ, ಹುರುಳಿಗೆ, ಅವರೆಗೆ ಹದ ಬೇಡವೇ? ಖಂಡಿತ ಬೇಕು. ಮಳೆ ಬರಬಾರದೆಂದು ಯಾರೂ ಹೇಳುತ್ತಿಲ್ಲ; ಅದು ಬರುವಾಗ ರಾಗಿ ನೆಲದ ಮೇಲೆ ಬಿದ್ದಿರಬಾರದು, ಅಷ್ಟೇ. ಮೂರನೆಯ ಆಕ್ಷೇಪ ಎಲ್ಲರ ಬಾಯಲ್ಲಿರುವುದು: ಹವಾಮಾನದವರ ಮಾತು ಸುಳ್ಳಾಗುತ್ತದೆ, ಆರೆಂಜ್ ಅಲರ್ಟ್ ಅಂದ ದಿನ ಬಿಸಿಲು ಬೀಳುತ್ತದೆ. ಹೋಬಳಿ ಮಟ್ಟದ ಮಳೆ ಹೇಳುವುದು ಇಂದಿಗೂ ಕಷ್ಟವೇ. ಆದರೆ ಕುಸಿತ ಯಾವ ದಿಕ್ಕಿಗೆ ಸರಿಯುತ್ತಿದೆ ಎಂಬುದು ಎರಡು ಮೂರು ದಿನ ಮೊದಲೇ ಸಾಕಷ್ಟು ಸರಿಯಾಗಿ ತಿಳಿಯುತ್ತದೆ, ನಮಗೆ ಬೇಕಾದದ್ದೂ ಅದೇ. ಮುನ್ಸೂಚನೆ ಸುಳ್ಳಾದರೆ ಕೊಯ್ಲು ನಾಲ್ಕು ದಿನ ತಡ, ಒಂದಿಷ್ಟು ಕಾಳು ಉದುರೀತು. ನಿಜವಾದರೆ ವರ್ಷದ ಊಟ ಹೋಯಿತು. ಈ ಎರಡು ನಷ್ಟವನ್ನು ಒಂದೇ ತಕ್ಕಡಿಯಲ್ಲಿ ತೂಗುವವರ ಹಟಕ್ಕೆ ನನ್ನಲ್ಲಿ ಉತ್ತರವಿಲ್ಲ. 2021ರಲ್ಲಿ ನಿಂತ ಪೈರೂ ಹೋಯಿತಲ್ಲ ಎಂದರೆ, ಹೋಯಿತು, ಮಲಗಿದ್ದು ಹೋಯಿತು. ನೆಟ್ಟಗೆ ನಿಂತ ತೆನೆಯಿಂದ ನೀರು ಜಾರುತ್ತದೆ, ಗಾಳಿಯಾಡುತ್ತದೆ, ಅರಿಯಷ್ಟು ಬೇಗ ಅದು ಕೆಡುವುದಿಲ್ಲ.

ಹಾಗಾಗಿ ನವೆಂಬರ್ ಹುಟ್ಟಿದ ಮೇಲೆ ನೋಡಬೇಕಾದದ್ದು ಚಂಡಮಾರುತದ ಹೆಸರನ್ನಲ್ಲ, ದಡ ದಾಟಿದ ಮೇಲಿನ ಅದರ ದಾರಿಯನ್ನು. ಉತ್ತರಕ್ಕೆ ತಿರುಗಿದರೆ ನಿಶ್ಚಿಂತೆ. ಚೆನ್ನೈಗೆ ದಕ್ಷಿಣದಲ್ಲಿ ದಡ ಹತ್ತಿ ನಿಧಾನವಾಗಿ ಪಶ್ಚಿಮಕ್ಕೆ ಬರುತ್ತಿದ್ದರೆ ಕುಡುಗೋಲು ಒಳಗಿಡಿ, ಆಗಲೇ ಕೊಯ್ದಿದ್ದರೆ ಅರಿ ಎತ್ತಿ ಮೆದೆ ಒಟ್ಟಿ ಟಾರ್ಪಾಲು ಹೊದಿಸಿ. ಮಂಗಳವಾರ ಮತ್ತು ಶುಕ್ರವಾರ ಬರುವ ಕೃಷಿ ಹವಾಮಾನ ಸಲಹೆಯನ್ನು ಓದಿ. ಟೀವಿಯವರ ಕಿರುಚಾಟಕ್ಕಿಂತ ಅದು ವಾಸಿ. ಬಾಡಿಗೆ ಯಂತ್ರ ಸಿಕ್ಕ ದಿನವೇ ಕೊಯ್ಯಬೇಕು, ಸರದಿ ತಪ್ಪಿದರೆ ಹದಿನೈದು ದಿನ ಹೋಯಿತು ಎನ್ನುವವರ ಕಷ್ಟ ನಿಜವಾದ ಕಷ್ಟ. ಅದಕ್ಕೆ ಮೋಡ ನೋಡುವುದರಿಂದ ಪರಿಹಾರವಿಲ್ಲ, ಊರೊಟ್ಟಿಗೆ ಸರದಿ ಬದಲಿಸಿಕೊಳ್ಳುವ ಹೊಂದಾಣಿಕೆ ಬೇಕು. ಅಣ್ಣತಮ್ಮಂದಿರ ನಡುವೆಯೇ ಅದು ಕೂಡಿಬರದ ಊರುಗಳಿವೆ. ಇನ್ನೊಂದು ವಿಷಯ ಬಹಳ ಜನಕ್ಕೆ ತಿಳಿದಂತಿಲ್ಲ, ತಿಳಿಸಬೇಕಾದವರೂ ಸರಿಯಾಗಿ ತಿಳಿಸುವುದಿಲ್ಲ: ಫಸಲ್ ಬಿಮಾ ಕಟ್ಟಿದ್ದರೆ, ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆಗೂ 14 ದಿನಗಳವರೆಗೆ ಚಂಡಮಾರುತದ ಮಳೆ ಮತ್ತು ಅಕಾಲಿಕ ಮಳೆಯಿಂದ ಆದ ನಷ್ಟಕ್ಕೆ ಪರಿಹಾರ ಕೇಳಬಹುದು. ದೂರು ಮಾತ್ರ 72 ಗಂಟೆಯೊಳಗೆ ಹೋಗಬೇಕು. ಮಳೆ ಬಿಡಲಿ ಆಮೇಲೆ ನೋಡೋಣ ಎಂದು ಕೂತರೆ, ಜಡಿ ನಿಲ್ಲುವ ಮೊದಲೇ ಆ ಗಡುವು ಮುಗಿದಿರುತ್ತದೆ.