ಲಾರಿಯ ಭಾರ ಮತ್ತು ರಸ್ತೆಯ ಬಾಳಿಕೆ

ಯಾದಗಿರಿ, ಶಹಾಪುರ, ಸುರಪುರ ಭಾಗದ ಭತ್ತ, ಹತ್ತಿ, ತೊಗರಿ ಮಾರುಕಟ್ಟೆ ಸೇರಲು ಲಾರಿಗಳನ್ನೇ ಬಹುವಾಗಿ ಅವಲಂಬಿಸಿವೆ. ಒಂದೇ ಬಾಡಿಗೆಯಲ್ಲಿ ಹೆಚ್ಚು ಮಾಲು ಸಾಗಿಸುವುದು ಲಾಭಕರವೆಂಬ ಭಾವನೆ ಸಾಮಾನ್ಯ. ಆದರೆ ರಸ್ತೆಯ ಲೆಕ್ಕವೇ ಬೇರೆ.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯ ಫಲಿತಾಂಶದಂತೆ, ರಸ್ತೆಗಾಗುವ ಹಾನಿಯು ಆಕ್ಸಲ್ ಭಾರದ ಸುಮಾರು ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. 2018ರ ಕೇಂದ್ರ ಅಧಿಸೂಚನೆಯು ನಾಲ್ಕು ಟೈರುಗಳ ಒಂಟಿ ಆಕ್ಸಲ್‌ಗೆ 11.5 ಟನ್ ಮಿತಿ ವಿಧಿಸಿದೆ. ಅದರ ಮೇಲೆ 13.8 ಟನ್ ಬಿದ್ದರೆ ಭಾರ ಹೆಚ್ಚುವುದು ಶೇ. 20ರಷ್ಟು ಮಾತ್ರ, ಹಾನಿಯಾದರೋ ಇಮ್ಮಡಿ. ಎರೆಭೂಮಿಯ ಮೇಲಿನ ತೆಳು ಡಾಂಬರಿನ ಗ್ರಾಮೀಣ ರಸ್ತೆಗಳು ಮಳೆಗಾಲದಲ್ಲಿ ಇದನ್ನು ತಾಳಲಾರವು. ರಸ್ತೆ ಕೆಟ್ಟಾಗ ಏರುವ ಟೈರು, ಡೀಸೆಲ್ ವೆಚ್ಚವು ಬಾಡಿಗೆಯ ರೂಪದಲ್ಲಿ ವರ್ತಕರಿಗೇ ಮರಳುತ್ತದೆ.

ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ, 2019ರ ತಿದ್ದುಪಡಿಯಂತೆ, ಅಧಿಕ ಭಾರಕ್ಕೆ 20,000 ರೂ. ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂ. ದಂಡವಿದೆ. ಚಾಲಕನಷ್ಟೇ ಅಲ್ಲ, ಹಾಗೆ ಓಡಿಸಲು ಕಾರಣರಾದವರೂ ಅವಕಾಶವಿತ್ತವರೂ ಹೊಣೆಗಾರರು. ಸಾರ್ವಜನಿಕ ಸುರಕ್ಷತೆಗಾಗಿ ನಿರ್ದಿಷ್ಟ ರಸ್ತೆಗಳಲ್ಲಿ ವಾಹನಗಳನ್ನು ನಿರ್ಬಂಧಿಸಲು 115ನೇ ಕಲಮು ಅವಕಾಶ ನೀಡುತ್ತದೆ.

ಆದುದರಿಂದ ಮಾಲು ತುಂಬಿದೊಡನೆ ವೇಬ್ರಿಡ್ಜ್‌ನಲ್ಲಿ ತೂಗಿಸಿ, ಭಾರವು ಎಲ್ಲ ಆಕ್ಸಲ್‌ಗಳಿಗೂ ಮಿತಿಯೊಳಗೆ ಹಂಚಿಕೆಯಾಗುವಂತೆ ನೋಡಿಕೊಂಡು, ಹೆಚ್ಚಿನ ಮಾಲನ್ನು ಮತ್ತೊಂದು ಲಾರಿಗೆ ವರ್ಗಾಯಿಸುವುದು ವ್ಯಾಪಾರಕ್ಕೂ ಹಿತ, ಊರಿಗೂ ಹಿತ.