ಚಾತುರ್ಮಾಸ್ಯವೂ ಅಪರಿಗ್ರಹವೂ

ಆಷಾಢದ ಶಯನೀ ಏಕಾದಶಿಯಿಂದ ಕಾರ್ತಿಕದ ಉತ್ಥಾನ ದ್ವಾದಶಿಯವರೆಗೆ ನಡೆಯುವ ಚಾತುರ್ಮಾಸ್ಯವ್ರತವು ಆಸ್ತಿಕ ಬಂಧುಗಳಿಗೆಲ್ಲ ವಿದಿತವೇ ಆಗಿದೆ. ಮೊದಲನೆಯ ತಿಂಗಳು ಶಾಕ, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ದ್ವಿದಳ ಧಾನ್ಯ. ಹೀಗೆ ಒಂದೊಂದು ಮಾಸಕ್ಕೆ ಒಂದೊಂದರ ತ್ಯಾಗ. ಈ ಕ್ರಮವು ನಮ್ಮ ಮನೆಗಳ ಹೆಂಗಸರಿಗೆ ಪಂಚಾಂಗವನ್ನು ತೆರೆಯದೆಯೇ ಬಾಯಿಪಾಠವಾಗಿರುತ್ತದೆ. ಆದರೆ ಒಮ್ಮೆ ಪ್ರವಚನವು ಮುಗಿದ ಬಳಿಕ ತರುಣರೊಬ್ಬರು ನಮ್ಮನ್ನು, "ಹಾಲು ಕೆಟ್ಟ ಪದಾರ್ಥವೇ? ಅದನ್ನೇಕೆ ಬಿಡಬೇಕು?" ಎಂದು ಕೇಳಿದರು. ಪ್ರಶ್ನೆ ಸರಿಯಾದದ್ದೇ.

ಹಾಲು ಕೆಟ್ಟದ್ದಲ್ಲ. ದೇವರ ಅಭಿಷೇಕಕ್ಕೆ ಸಲ್ಲುವ ಪದಾರ್ಥವನ್ನು ಕೆಟ್ಟದ್ದೆನ್ನುವವರಾರು? ಕೆಟ್ಟದ್ದನ್ನು ಬಿಡುವುದಕ್ಕೆ ವ್ರತವೇ ಬೇಕಾಗಿಲ್ಲ. ಅದು ಸದಾ ನಿಷಿದ್ಧ. ಒಳ್ಳೆಯದೂ ಪ್ರಿಯವೂ ಆದ ವಸ್ತುವಿಲ್ಲದೆ ಒಂದು ತಿಂಗಳು ಬಾಳಬಹುದೆಂಬುದು ಅನುಭವಕ್ಕೆ ಬರುವುದೇ ಇಲ್ಲಿನ ವಿಶೇಷ. ಶಾಕವ್ರತದ ಅಡಿಗೆಮನೆಯನ್ನು ನೋಡಿದವರಿಗೆ ಇದು ತಿಳಿದೀತು. ತರಕಾರಿಯಿಲ್ಲ, ಹುಣಸೆಯಿಲ್ಲ, ಮೆಣಸಿನಕಾಯಿಯಿಲ್ಲ. ಹೆಸರುಬೇಳೆ, ಕಾಳುಮೆಣಸು, ಜೀರಿಗೆ, ತುಪ್ಪ, ಹುಳಿಗೆ ಮಾವಿನಕಾಯಿ. ಒಂದೇ ಹಲಗೆಯ ಮೇಲೆ ಇಡೀ ಸಂಸಾರದ ಊಟ ನಿಂತುಬಿಡುತ್ತದೆ. ಆ ತಿಂಗಳು ಅಡಿಗೆಯೂ ಬೇಗ ಮುಗಿಯುತ್ತದೆ, ಪಾರಾಯಣಕ್ಕೆ ಹೊತ್ತೂ ಸಿಗುತ್ತದೆ.

ಈಚೆಗೆ ಪಟ್ಟಣಗಳಲ್ಲಿ 'ಮಿನಿಮಲಿಸಂ' ಎಂಬ ಮಾತು ಬಹಳ ಕೇಳಿಬರುತ್ತಿದೆ. ಮನೆಯಲ್ಲಿ ಸಾಮಾನು ಕಡಿಮೆಯಾದರೆ ಮನಸ್ಸಿಗೆ ನೆಮ್ಮದಿ ಎಂಬುದು ಅದರ ತಾತ್ಪರ್ಯ. ತಪ್ಪೇನಿಲ್ಲ. ಆದರೆ ಮಾಧ್ವರಾದ ನಾವು ಬಿಡುವುದರ ಕಾರಣವನ್ನು ಸ್ಪಷ್ಟವಾಗಿ ಅರಿತಿರಬೇಕು. ಜಗತ್ತು ಮಿಥ್ಯೆ, ಆದಕಾರಣ ವಸ್ತುಗಳು ಬೇಡ ಎಂದು ನಾವು ಹೇಳುವಂತಿಲ್ಲ. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಜಗತ್ತು ಸತ್ಯ. ತಂಬಿಗೆಯೂ ಸತ್ಯ, ಪಂಚೆಯೂ ಸತ್ಯ. ಆದರೆ ಅವು ಅಸ್ವತಂತ್ರವಾದವು, ನಾವೂ ಅಸ್ವತಂತ್ರರು. ಒಡೆಯನು ಸ್ವತಂತ್ರನಾದ ಶ್ರೀಹರಿಯೊಬ್ಬನೇ. ಒಡೆಯನಿರುವ ವಸ್ತುವನ್ನು ನಮ್ಮದೆಂದು ಅಟ್ಟದಲ್ಲಿ ತುಂಬಿಡುವುದು ಹೇಗೆ? ಭಾಗವತದ ಸಪ್ತಮ ಸ್ಕಂಧದಲ್ಲಿ ನಾರದರು ಧರ್ಮರಾಜನಿಗೆ ಹೇಳುವ ಮಾತು ಇದಕ್ಕಿಂತಲೂ ಕಠಿನ: ಹೊಟ್ಟೆ ತುಂಬುವಷ್ಟು ಮಾತ್ರ ದೇಹಿಗಳ ಸ್ವತ್ತು, ಅದಕ್ಕೂ ಮೀರಿ ತನ್ನದೆಂದು ಭಾವಿಸುವವನು ಕಳ್ಳನಂತೆ ದಂಡನಾರ್ಹ.

ಏಕಾದಶ ಸ್ಕಂಧದ ಅವಧೂತನ ಗುರುಗಳಲ್ಲಿ ಕುರರವೆಂಬ ಹಕ್ಕಿಯೊಂದುಂಟು. ಮಾಂಸದ ತುಣುಕು ಕೊಕ್ಕಿನಲ್ಲಿರುವವರೆಗೆ ಬಲಿಷ್ಠ ಹಕ್ಕಿಗಳು ಅದನ್ನು ಕುಕ್ಕಿದವು. ತುಣುಕನ್ನು ಬಿಟ್ಟೊಡನೆ ಅದು ಸುಖವಾಗಿತ್ತು. ಬತ್ತ ಕುಟ್ಟುವಾಗ ಸದ್ದು ಮಾಡುತ್ತಿದ್ದ ಬಳೆಗಳನ್ನು ಒಂದೊಂದಾಗಿ ಕಳೆದು, ಕೈಗೆ ಒಂದನ್ನೇ ಉಳಿಸಿಕೊಂಡ ಕನ್ಯೆಯೂ ಅಲ್ಲಿದ್ದಾಳೆ. ಅಲ್ಲಿ ಆ ದೃಷ್ಟಾಂತವು ಏಕಾಂತವನ್ನು ಕುರಿತದ್ದು. ನಾವು ಅದನ್ನು ಪಾತ್ರೆಪಡಗಗಳಿಗೆ ಅನ್ವಯಿಸಿದರೆ ಪಂಡಿತರು ಕ್ಷಮಿಸಬೇಕು. ನಮ್ಮ ಅಡಿಗೆಮನೆಯ ಸದ್ದು ಹಾಗಿತ್ತು.

ಅದನ್ನೂ ಹೇಳಿಬಿಡುತ್ತೇವೆ. ನಮ್ಮ ಉಪನಯನ, ವಿವಾಹ, ಗೃಹಪ್ರವೇಶಗಳಲ್ಲಿ ಬಂದ ಸ್ಟೀಲು ಪಾತ್ರೆಗಳು ಅಟ್ಟ ತುಂಬಿ ಮಂಚದ ಕೆಳಗೂ ಇಳಿದಿದ್ದವು. ಅವುಗಳನ್ನು ಜೋಡಿಸಿಡಲೆಂದು ಕಂತಿನ ಮೇಲೆ ದೊಡ್ಡದೊಂದು ಬೀರು ಕೊಂಡೆವು. ಪೌರೋಹಿತ್ಯದ ವರಮಾನಕ್ಕೆ ಆಷಾಢವು ಬರಗಾಲ. ಬೀರುವಿನ ಕಂತನ್ನು ತಪ್ಪದೆ ಕಟ್ಟಿದ ನಾವು, ತೀರ್ಥರೂಪರ ಕಣ್ಣಿನ ಶಸ್ತ್ರಚಿಕಿತ್ಸೆಯನ್ನು ದೀಪಾವಳಿಯ ಆಚೆಗೆ ಮುಂದೂಡಿದೆವು. ಅವರು ಏನೂ ಹೇಳಲಿಲ್ಲ. ಒಂದು ಬೆಳಿಗ್ಗೆ ದೇವರಮನೆಯಲ್ಲಿ, ತುಳಸಿಯೆಂದು ತಡವರಿಸಿ ಬತ್ತಿಯನ್ನು ಕೈಗೆತ್ತಿಕೊಂಡಿದ್ದನ್ನು ಕಂಡಾಗ ನಮಗೆ ನಾಚಿಕೆಯಾಯಿತು.

ಆವೇಶದಿಂದ ಎಲ್ಲವನ್ನೂ ಕೆಳಗಿಳಿಸಿ ಗುಜರಿಯವನನ್ನು ಕರೆದೆವು. ಮಾತೃಶ್ರೀಯವರು ರಾಶಿಯ ಬಳಿ ಕುಳಿತು ಹಳೆಯ ತಾಮ್ರದ ತಂಬಿಗೆಯೊಂದನ್ನು ಎತ್ತಿಕೊಂಡು, "ಇದರಲ್ಲಿ ನಿಮ್ಮಜ್ಜಿ ಮಡಿನೀರು ತರ್ತಿದ್ರು ಕಣೋ. ಇದನ್ನೂ ತೂಕಕ್ಕೆ ಹಾಕ್ತೀಯಾ?" ಎಂದರು. ತ್ಯಾಗದ ಹೆಸರಿನಲ್ಲಿ ನಾವು ಮಾಡಹೊರಟದ್ದು ಕೇವಲ ಎಸೆಯುವ ಕೆಲಸವೆಂದು ಆಗ ಅರಿವಾಯಿತು. ತಾವು ನಿತ್ಯವೂ ಬಳಸುವುದನ್ನೂ ಆ ತಂಬಿಗೆಯನ್ನೂ ಅವರು ಉಳಿಸಿಕೊಂಡರು. ಮಿಕ್ಕವನ್ನು ತೊಳೆಸಿ, ಒರೆಸಿ, ಹೊಸದಾಗಿ ಸಂಸಾರ ಹೂಡಿದ ಎರಡು ಮನೆಗಳಿಗೂ ಪಾಠಶಾಲೆಯ ಅಡಿಗೆಮನೆಗೂ ಕಳುಹಿಸಿದರು. ಸೊಟ್ಟಾದದ್ದು, ತೂತು ಬಿದ್ದದ್ದು ಮಾತ್ರ ಗುಜರಿಗೆ. ಉಪಯೋಗಕ್ಕೆ ಬಾರದ್ದನ್ನು ಕೊಟ್ಟು ದಾನವೆನ್ನಬಾರದೆಂಬುದು ಅವರ ಕಟ್ಟಪ್ಪಣೆ. ವ್ರತದ ಸಂಪ್ರದಾಯವೂ ಇದೇ ತಾನೇ: ಶಾಕವ್ರತ ಮುಗಿದಾಗ ಶಾಕದಾನ, ಕ್ಷೀರವ್ರತ ಮುಗಿದಾಗ ಕ್ಷೀರದಾನ. ಬಿಟ್ಟ ವಸ್ತುವು ಒಳ್ಳೆಯದಾಗಿಯೇ ಇನ್ನೊಬ್ಬರ ಕೈ ಸೇರಬೇಕು.

ಶ್ರೀನಿವಾಸನಾಯಕರು ಮೂಗುತಿಯ ಪ್ರಸಂಗದಿಂದ ಎಚ್ಚೆತ್ತು, ಸರ್ವಸ್ವವನ್ನೂ ದಾನವಿತ್ತು, ವ್ಯಾಸರಾಯರ ಶಿಷ್ಯರಾಗಿ ಪುರಂದರದಾಸರಾದ ಐತಿಹ್ಯವನ್ನು ನಾವು ಪುಷ್ಯ ಬಹುಳ ಅಮಾವಾಸ್ಯೆಯ ಆರಾಧನೆಯಲ್ಲಿ ಪ್ರತಿವರ್ಷವೂ ಕೇಳುತ್ತೇವೆ. ಅಷ್ಟು ಧೈರ್ಯವು ಗೃಹಸ್ಥರೆಲ್ಲರಿಗೂ ಬಾರದು, ಬರಬೇಕೆಂದು ನಾವು ಹೇಳುವುದೂ ಇಲ್ಲ. ನಾಲ್ಕು ತಿಂಗಳ ಸಂಕಲ್ಪದ ಜೊತೆಗೆ, ಆ ಅವಧಿಯಲ್ಲಿ ಹೊಸ ಪಾತ್ರೆ, ಹೊಸ ಬಟ್ಟೆ, ಹೊಸ ಸಾಲ ಮನೆಗೆ ಬಾರದಿರಲಿ ಎಂಬುದನ್ನೂ ಸೇರಿಸಿಕೊಂಡರೆ ಸಾಧ್ಯವಾದೀತು. ಹಬ್ಬದ ಬಟ್ಟೆಯ ವಿಷಯದಲ್ಲಿ ಮಕ್ಕಳೊಡನೆ ವಾದವಾಗುವುದು ಖಂಡಿತ. ನಮ್ಮಲ್ಲಿಯೂ ಆಯಿತು, ಮಗಳಿಗೆ ಒಂದು ಲಂಗ ತಂದೆವು.

ಬೀರುವನ್ನು ಕೊಂಡ ಬೆಲೆಗಿಂತ ಬಹಳ ಕಡಿಮೆಗೆ ಮಾರಿ, ಉಳಿದ ಕಂತುಗಳನ್ನು ತೀರಿಸಿದೆವು. ಶಸ್ತ್ರಚಿಕಿತ್ಸೆಯು ಭಾದ್ರಪದದಲ್ಲಿಯೇ ಆಯಿತು. ಬೀರು ನಿಂತಿದ್ದ ಕಿಟಕಿಯ ಬಳಿ ಈಗ ತೀರ್ಥರೂಪರು ಮಣೆ ಹಾಕಿಕೊಂಡು ಸುಮಧ್ವವಿಜಯವನ್ನು ಪಾರಾಯಣ ಮಾಡುತ್ತಾರೆ. ಬೆಳಕು ಅಲ್ಲಿ ಚೆನ್ನಾಗಿ ಬೀಳುತ್ತದೆ.