ಏಳು ನೂರು ವರ್ಷದ ಮನೆಯೊಂದು ಕಲಿಸುವ ಪಾಠ



ನಮ್ಮ ಗಡಿ ಸೀಮೆಯ ಊರುಗಳಲ್ಲಿ ಹಿರಿಯರು ಕಟ್ಟಿಸಿದ ಮನೆಗಳು ಅಲ್ಲಲ್ಲಿ ಇನ್ನೂ ನಿಂತಿವೆ. ಅವನ್ನು ಕೆಡವಿ ಹೊಸದು ಕಟ್ಟುವುದೋ, ದುರಸ್ತಿ ಮಾಡಿಕೊಂಡು ಇರುವುದೋ ಎಂಬ ವಿಚಾರ ಅನೇಕ ಮನೆತನಗಳ ಮುಂದಿದೆ. ನಿರ್ಣಯ ಆಯಾ ಮನೆಯವರದು. ಆದರೆ ಅದಕ್ಕೆ ಮೊದಲು ಮನೆಯನ್ನು ಓದಲು ಬರಬೇಕು. ಓದುವ ಬಗೆಯನ್ನು ಈ ಸಲದ ಅಭ್ಯಾಸ ಲೇಖನದಲ್ಲಿ ದೂರದ ಒಂದು ಮನೆಯ ಉದಾಹರಣೆಯಿಂದ ತಿಳಿಯೋಣ.

ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ, ಸೆವೆನೋಕ್ಸ್ ಪಟ್ಟಣದ ಹತ್ತಿರ ‘ಐಟಮ್ ಮೋಟ್’ ಎಂಬ ಮನೆಯಿದೆ. ಸುತ್ತ ನೀರು ತುಂಬಿದ ಕಂದಕ, ನಡುವೆ ಅಂಗಳ, ಅಂಗಳದ ನಾಲ್ಕೂ ಬದಿಗೆ ಕಟ್ಟಡ, ಒಟ್ಟು 70ಕ್ಕೂ ಹೆಚ್ಚು ಕೋಣೆಗಳು. ಇದು ರಾಜರ ಅರಮನೆಯಲ್ಲ, ಯುದ್ಧದ ಕೋಟೆಯೂ ಅಲ್ಲ. ಜಮೀನುಳ್ಳ ಮನೆತನದವರು ತಲೆತಲಾಂತರ ವಾಸಿಸಿದ ಮನೆ.

ಮೂಲದ ಮನೆ

ಇದರ ಅತಿ ಹಳೆಯ ಭಾಗ 14ನೇ ಶತಮಾನದ ಪೂರ್ವಾರ್ಧದ್ದು. ದೊಡ್ಡ ಪಡಸಾಲೆ, ಹಳೆಯ ಪ್ರಾರ್ಥನಾ ಕೋಣೆ, ಯಜಮಾನರ ಖಾಸಗಿ ಕೋಣೆಗಳು ಆಗಿನವು. ಆ ಕಾಲದ ಇಂಗ್ಲಿಷ್ ಮನೆಗೆ ಪಡಸಾಲೆಯೇ ಜೀವಾಳ. ಯಜಮಾನರು, ಬಂಧುಗಳು, ಆಳುಕಾಳುಗಳು ಅಲ್ಲಿಯೇ ಉಣ್ಣುತ್ತಿದ್ದರು. ಅಂಥ ಪಡಸಾಲೆಗಳಲ್ಲಿ ಸಾಮಾನ್ಯವಾಗಿ ನಡುನೆಲದ ಮೇಲೆ ಬೆಂಕಿ ಉರಿಯುತ್ತಿತ್ತು. ಹೊಗೆ ಎತ್ತರದ ಛಾವಣಿಯಿಂದ ಹೊರಹೋಗುತ್ತಿತ್ತು. ಮುಂದೆ ಗೋಡೆಯೊಳಗೆ ಒಲೆ, ಅದಕ್ಕೆ ಚಿಮಣಿ ಬಂದಾಗ ಕೋಣೆಗೊಂದು ಬೆಂಕಿ ಸಾಧ್ಯವಾಯಿತು. ಮನೆಯವರು ಪಡಸಾಲೆ ಬಿಟ್ಟು ತಮ್ಮ ತಮ್ಮ ಕೋಣೆ ಸೇರಿದರು. ಬದುಕು ಬದಲಾದಂತೆ ಮನೆಯ ಆಕಾರವೂ ಬದಲಾಯಿತು ಎಂಬುದು ಮೊದಲ ಪಾಠ.

ಕೂಡುತ್ತ ಬಂದ ಪದರುಗಳು

15ನೇ ಶತಮಾನದಲ್ಲಿ ಹೆಬ್ಬಾಗಿಲ ಗೋಪುರ ಎದ್ದಿತು. ಬಂದವರು ಯಾರೆಂದು ಬಾಗಿಲು ತೆರೆಯುವ ಮುನ್ನವೇ ನೋಡಲು ಕಾವಲುಗಾರನಿಗೆ ಗೋಡೆಯಲ್ಲಿ ಸಣ್ಣ ಸೀಳುಗಿಂಡಿಯೂ ಇಲ್ಲಿದೆ. 1521ರಲ್ಲಿ ಮನೆಯನ್ನು ಕೊಂಡ ರಿಚರ್ಡ್ ಕ್ಲೆಮೆಂಟ್ ದೊರೆ 8ನೇ ಹೆನ್ರಿಯ ಆಸ್ಥಾನಿಕ. ಅವನ ಕಾಲದ ಮರದ ಕಮಾನು ಛಾವಣಿಯ ಮೇಲೆ ರಾಜವಂಶದ ಗುಲಾಬಿ, ಸ್ಪೇನಿನಿಂದ ಬಂದ ರಾಣಿ ಕ್ಯಾಥರೀನಳ ದಾಳಿಂಬೆ ಲಾಂಛನಗಳ ಬಣ್ಣ ಇಂದಿಗೂ ಕಾಣುತ್ತದೆ. 1591ರಿಂದ 1889ರವರೆಗೆ, ಸುಮಾರು 300 ವರ್ಷ, ಸೆಲ್ಬಿ ಮನೆತನ ಇಲ್ಲಿತ್ತು. ಅವರ ಬೈಠಕ್ ಕೋಣೆಯಲ್ಲಿ 17ನೇ ಶತಮಾನದ ಕೆತ್ತನೆಯ ಒಲೆಯೂ 18ನೇ ಶತಮಾನದ, ಕೈಯಿಂದ ಚಿತ್ರ ಬರೆದ ಚೀನೀ ಗೋಡೆಕಾಗದವೂ ಒಟ್ಟಿಗೇ ಇವೆ. ಆಮೇಲೆ ಬಂದ ಕೋಲ್ಯರ್-ಫರ್ಗುಸನ್ ಕುಟುಂಬದವರು 1891ರಲ್ಲಿ ಅಂಗಳದಲ್ಲಿ ತಮ್ಮ ದೊಡ್ಡ ನಾಯಿಗೊಂದು ಗೂಡು ಕಟ್ಟಿಸಿದರು. ಅದು ಈಗ ಸರಕಾರದ ಮೊದಲ ದರ್ಜೆಯ ಸಂರಕ್ಷಿತ ಪಟ್ಟಿಯಲ್ಲಿದೆ!

ವಯಸ್ಸು ತಿಳಿಯುವ ಬಗೆ

ಹೊರಗೋಡೆ, ಕಿಟಕಿಗಳ ಬಹುಭಾಗ 15-16ನೇ ಶತಮಾನಗಳಲ್ಲಿ ಬದಲಾಗಿರುವುದರಿಂದ ಹೊರಗೆ ನಿಂತು ನೋಡಿದವರಿಗೆ ಮೂಲದ ಮನೆ ಕಾಣುವುದಿಲ್ಲ. ಅದನ್ನು ಹೇಳುವುದು ತೊಲೆ-ಜಂತಿಗಳು. ಮರ ವರ್ಷಕ್ಕೊಂದು ಉಂಗುರ ಬೆಳೆಯುತ್ತದೆ. ಮಳೆ-ಬಿಸಿಲಿಗೆ ತಕ್ಕಂತೆ ಕೆಲವು ಅಗಲ, ಕೆಲವು ಕಿರಿದು. ಈ ಸಾಲನ್ನು ವರ್ಷ ಗೊತ್ತಿರುವ ಮರಗಳ ಸಾಲಿಗೆ ಹೊಂದಿಸಿ ನೋಡುತ್ತಾರೆ. ತೊಗಟೆಯ ಅಂಚು ಉಳಿದಿದ್ದರೆ ಮರ ಕಡಿದ ವರ್ಷವೇ ಸಿಗುತ್ತದೆ. ಅಂದಿನ ಬಡಗಿಗಳು ಓಕ್ ಮರವನ್ನು ಹಸಿಯಾಗಿಯೇ ಬಳಸುತ್ತಿದ್ದುದರಿಂದ, ಕಡಿದ ವರ್ಷದ ಹಿಂದೆಯೇ ಕಟ್ಟಿದ ವರ್ಷವೂ ಬರುತ್ತದೆ.

ಕೈತಪ್ಪಲಿದ್ದ ಮನೆ

1951ರಲ್ಲಿ ಯಜಮಾನರು ತೀರಿಕೊಂಡ ಬಳಿಕ ಮನೆ ಮಾರಾಟಕ್ಕೆ ಬಂತು. ಕೆಡವುವವರ ಪಾಲಾಗದಂತೆ ಅದೇ ಸೀಮೆಯ ಮೂವರು ವ್ಯಾಪಾರಸ್ಥರು ಕೊಂಡು ಹಿಡಿದಿಟ್ಟರು. 1953ರಲ್ಲಿ ಅಮೆರಿಕದ ಚಾರ್ಲ್ಸ್ ಹೆನ್ರಿ ರಾಬಿನ್ಸನ್ ಕೊಂಡು ತುರ್ತು ದುರಸ್ತಿ ಮಾಡಿಸಿದರು. 1985ರಲ್ಲಿ ಮನೆ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಸೇರಿತು. 1989ರಿಂದ 2004ರವರೆಗೆ ಬಹುಭಾಗವನ್ನು ಬಿಚ್ಚಿ, ಪ್ರತಿಯೊಂದನ್ನೂ ದಾಖಲಿಸಿ, ಮತ್ತೆ ಜೋಡಿಸಿದರು. ಖರ್ಚು 1 ಕೋಟಿ ಪೌಂಡಿಗೂ ಮಿಕ್ಕಿತು. ತೊಲೆಗಳನ್ನು ಒಳಗಿನಿಂದ ತಿಂದಿದ್ದ ಹುಳುವೇ ದೊಡ್ಡ ಶತ್ರು. ಅದಕ್ಕೆ ತೇವದ ಮರವೇ ಆಹಾರ.

ಇಲ್ಲಿ ವಿಚಾರಿಸಬೇಕಾದ ಮಾತೊಂದಿದೆ. ದುರಸ್ತಿ ಮಾಡಿದವರು 14ನೇ ಶತಮಾನದ್ದೇ ಶುದ್ಧವೆಂದು ಉಳಿದುದನ್ನೆಲ್ಲ ಕಿತ್ತು ಹಾಕಿದ್ದರೆ ಕ್ಲೆಮೆಂಟನ ಛಾವಣಿ ಹೋಗುತ್ತಿತ್ತು, ಸೆಲ್ಬಿಯವರ ಬೈಠಕ್ ಹೋಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಲೆಕ್ಕ ಬರೆಯುವ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕೀರ್ದಿಯಲ್ಲಿ ಹಿಂದಿನ ಪುಟ ಹರಿಯುವಂತಿಲ್ಲ. ಹಿಂದಿನ ಶಿಲ್ಕನ್ನು ಮುಂದಕ್ಕೆ ತಂದು ಹೊಸ ನಮೂದು ಬರೆಯಬೇಕು. ಹಾಗೆಂದು ಎಲ್ಲ ಬದಲಾವಣೆಯೂ ಒಳ್ಳೆಯದಲ್ಲ. ಭಾರ ಹೊತ್ತ ಕಂಬ ಕಡಿಯುವುದು, ಮಣ್ಣು-ಸುಣ್ಣದ ಗೋಡೆಗೆ ಸಿಮೆಂಟು ಬಳಿದು ಒಳಗಿನ ತೇವ ಆರದಂತೆ ಮಾಡುವುದು ಮನೆಯ ಆಯುಷ್ಯ ತಿನ್ನುತ್ತವೆ.

ಅಭ್ಯಾಸಕ್ಕೆ

1. ನಿಮ್ಮ ಮನೆಯಲ್ಲಿ ಅತಿ ಹಳೆಯ ಭಾಗ ಯಾವುದು? ಹೊರಗೋಡೆ ನೋಡಿ ಹೇಳಬೇಡಿರಿ. ಅಟ್ಟ ಹತ್ತಿ ತೊಲೆ-ಜಂತಿ ನೋಡಿರಿ.

2. ಯಾವ ಕೋಣೆ ಯಾರ ಕಾಲದಲ್ಲಿ, ಯಾವ ಕಾರಣಕ್ಕೆ ಕೂಡಿತು? ಮನೆಯ ಹಿರಿಯರನ್ನು ಕೇಳಿ ಬರೆದಿಡಿರಿ.

3. ಮಳೆನೀರು ಎಲ್ಲಿ ಸೋರುತ್ತದೆ, ಎಲ್ಲಿ ನಿಲ್ಲುತ್ತದೆ? ಬೇರೆ ಯಾವ ಖರ್ಚಿಗಿಂತ ಮೊದಲು ಅದಕ್ಕೆ ದಾರಿ ಮಾಡಿರಿ.

4. ಕೆಡವಲೇಬೇಕಾಗಿ ಬಂದಲ್ಲಿ ಅಳತೆ ತೆಗೆದು ನಕ್ಷೆ ಬರೆದು, ಎಲ್ಲ ಕೋಣೆಗಳ ಫೋಟೋ ತೆಗೆಸಿ ಇಟ್ಟುಕೊಳ್ಳಿರಿ. ಮನೆ ಹೋದರೂ ಅದರ ಲೆಕ್ಕ ಮುಂದಿನವರಿಗೆ ಉಳಿಯಲಿ.